ಪರದೆಯೊಳಗಿನ ಜಗಳಗಂಟಿ

ಕರ್ನಾಟಕ ಒಂದಾದ ವರ್ಷ, ಲಕ್ಷ್ಮೇಶ್ವರದ ತಂಬು ಟಾಕೀಸಿನವರು ಹಳೆಯ ಮೂಕಚಿತ್ರವೊಂದನ್ನು ಹಾಕಿದ್ದಾರೆಂಬ ಖಬರು ಬೆಟಗೇರಿಯ ಹಸೀನಾಬಿಗೆ ಮುಟ್ಟಿತು. ಅದು ಅವಳದೇ ಚಿತ್ರ. ಜಿಪುಣ ಗಂಡ, ಜಗಳಗಂಟಿ ಹೆಂಡತಿಯ ನಗೆನಾಟಕವದು. ಹರೆಯದಲ್ಲಿ ಹಸೀನಾಬಿ ಆ ಹೆಂಡತಿಯಾಗಿ ರಂಗದ ಮೇಲೆ ಬಾಯಿ ತೆರೆದರೆ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮುಂಬೈಯವರು ಅದನ್ನೇ ಸಿನಿಮಾ ಮಾಡಿದಾಗ ಅವಳ ಬಾಯಷ್ಟೇ ಉಳಿದು ಮಾತೆಲ್ಲ ಹೋಗಿತ್ತು.

ಸಂಜೆಯ ಆಟಕ್ಕೆ ಬಸ್ಸು ಹಿಡಿದು ಬಂದಳು. ಚಿತ್ರ ಶುರುವಾಗುತ್ತಲೇ ಮಂದಿ, "ಸೌಂಡ್ ಬಿಡ್ರಲೇ!" ಎಂದು ಕೂಗಿದರು. ಮಾಲೀಕ ಹುಚ್ಚೀರಪ್ಪ ಬೆವರುತ್ತಿದ್ದ.

"ಆ ಹೆಣ್ಮಗಳು ನಾನs ರೀ. ಮಾತು ನಾ ಹೇಳ್ತೀನಿ," ಎಂದಳು ಹಸೀನಾಬಿ.

"ಜಲ್ದಿ ಹೇಳ್ರಿ ಆಯಿ, ತಂಬೂ ಹರಿಯೂದರಾಗ!"

ಅವಳು ಪರದೆಯ ಪಕ್ಕ ನಿಂತು ದನಿ ಎತ್ತಿದಳು: "ದೀಪ ಎಣ್ಣಿ ಕುಡೀತೈತಂತ ಕತ್ತಲದಾಗ ಉಣ್ಣಾವ ನೀ! ತುತ್ತು ಬಾಯಿ ಬಿಟ್ಟು ಮೂಗಿಗೆ ಹೋದ್ರ..."

ಅಷ್ಟರಲ್ಲಿ ಪರದೆಯ ಗಂಡ ಹೆದರಿ ಕಣಜದೊಳಗೆ ಹಾರಿಬಿಟ್ಟಿದ್ದ. ಮಂದಿ ಅದಕ್ಕೇ ಘೊಳ್ಳೆಂದು ನಕ್ಕರು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ.

"ಸಾವಕಾಶ ಓಡಸ್ರಿ!" ಎಂದು ಹುಚ್ಚೀರಪ್ಪನಿಗೆ ಕೂಗಿದಳು.

"ಮಾತಿನ ಸಿನಿಮಾದ ಮಶೀನ್ ರೀ ಇದು. ಇದಕ್ಕ ಒಂದs ಓಟ, ಹಳೀ ಮೂಕಚಿತ್ರ ಇದರಾಗ ಜೋರs ಓಡತಾವ!"

ಅವಳು ಚಿತ್ರದ ಬೆನ್ನು ಹತ್ತಿ ಗಡಬಡಿಸಿ ಮಾತಾಡಿದಳು. ಅರ್ಧ ಮಾತು ನುಂಗಿದಳು, ಉಸಿರು ಕಟ್ಟಿತು. ಮೂವತ್ತು ವರ್ಷ ನಾಲಿಗೆಯ ಮೇಲಿದ್ದ ಮಾತು ಚಿತ್ರದ ಓಟಕ್ಕಿಂತ ಹಿಂದೆಯೇ ಉಳಿಯುತ್ತಿತ್ತು.

"ಏ ಮುದುಕಿ, ಪಡದಿ ಬಿಟ್ಟು ಸರಿ!" ಎಂದ ಮುಂದಿನ ಸಾಲಿನವನೊಬ್ಬ.

"ಲೇ, ಪಡದಿಯೊಳಗ ಇರಾಕಿ ನಾನs ಅಲೇ!"

ಇಡೀ ತಂಬು ಬಿದ್ದು ಬಿದ್ದು ನಕ್ಕಿತು. ಅಂದು ಅವಳಿಗೆ ದಕ್ಕಿದ್ದು ಅದೊಂದೇ ನಗು. ಅವಳ ಮೈಯೆಲ್ಲ ಉರಿಯಿತು.

ಆಟ ಮುಗಿದ ಮೇಲೆ ಹುಚ್ಚೀರಪ್ಪ ಕೈ ಮುಗಿದ. "ಭಾರಿ ಆತ್ರಿ ಆಯಿ! ನಾಳಿಗೂ ಬಂದು ಹಂಗs ಅನ್ರಿ."

"ಅದು ನಾಟಕದಾಗಿನ ಮಾತಲ್ಲ."

"ಯಾವುದರ ಇರ್ಲಿ ಬಿಡ್ರಿ, ಮಂದಿ ನಗತಾರ."

"ನಿನ್ನ ಮಂದಿಗೂ ನಿನಗೂ ಕಿವಿ ಅದಾವೇನು?" ಎಂದು ಸೆರಗು ಝಾಡಿಸಿ ಹೊರಟುಹೋದಳು.

ನಾಲ್ಕು ದಿನದ ನಂತರ ಲಕ್ಷ್ಮೇಶ್ವರದ ಸಂತೆಯಿಂದ ಬಂದ ನೆರೆಮನೆಯ ಕರಿಯವ್ವ ಖುಷಿಯಿಂದ ಸುದ್ದಿ ತಂದಳು. "ತಂಬೂನಾಗ ಕಾಲಿಡಾಕ ಜಾಗಾ ಇಲ್ಲ ನೋಡವಾ. ಶೇಂಗಾ ಮಾರೋ ಮಾಳವ್ವ ಪಡದಿ ಮುಂದ ನಿಂತು 'ಆಕಿ ನಾನs ಅಲೇ' ಅಂತಾಳ. ಏನ್ ನಗಸ್ತಾಳ ಅಂತಿ!"

ಹಸೀನಾಬಿ ಏನೋ ಅನ್ನಲು ಬಾಯಿ ತೆರೆದಳು. ಕರಿಯವ್ವ ಆಗಲೇ ನಗುತ್ತ ಮುಂದಿನ ಮನೆಗೆ ಹೋಗಿದ್ದಳು.