ಇನ್ನೂರ ಹದಿನಾಲ್ಕು ದೂರುಗಳು

"ಅಂಥ ದೂರು ಒಂದೂ ಬಂದಿಲ್ಲ ಅಂತ ಬರೆದು ಕಳಿಸಮ್ಮ," ಎಂದರು ನಗರಸಭೆಯ ಸಾಹೇಬರು, ಟೈಪಿಸ್ಟಿಗೆ.

ಕಾರ್ಖಾನೆಯ ಹೊಗೆಯ ಬಗ್ಗೆ ಹಿಂದೆ ಯಾರಾದರೂ ದೂರಿದ್ದರೇ ಎಂದು ನ್ಯಾಯಾಲಯ ಕೇಳಿತ್ತು. ಸಾಹೇಬರು ನ್ಯಾಯಾಲಯದ ವಾಕ್ಯವನ್ನೇ ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದ್ದರು. ಹಾಗೆ ಇಟ್ಟರೆ ಅಕ್ಷರಕ್ಕೆ ಅಕ್ಷರ ಹೊಂದಿದ್ದು ಮಾತ್ರ ಸಿಗುತ್ತದೆ. ಪರದೆಯ ಮೇಲೆ ಸೊನ್ನೆ ಬಂದಿತ್ತು.

ಹತ್ತು ವರ್ಷ ಕಚೇರಿಗೆ ಬಂದ ದೂರುಗಳನ್ನೆಲ್ಲ ಆ ಕಂಪ್ಯೂಟರಿಗೆ ಕುಟ್ಟಿದ್ದ ಟೈಪಿಸ್ಟಿಗೆ ಮೈಯೆಲ್ಲ ಉರಿಯಿತು. ಜನ ನ್ಯಾಯಾಲಯದ ಭಾಷೆಯಲ್ಲಿ ಗೋಳಾಡುತ್ತಾರೆಯೇ? ಒಬ್ಬಾಕೆಗೆ ಅದು ಒಣಹಾಕಿದ ಬಟ್ಟೆಯ ಮೇಲಿನ ಮಸಿ, ಇನ್ನೊಬ್ಬನಿಗೆ ಮಗುವಿನ ಕೆಮ್ಮು. ಅವಳು ಸಾಹೇಬರ ಎದುರೇ ಕುರ್ಚಿ ಎಳೆದುಕೊಂಡು ಕೂತು ಆ ಚಿಹ್ನೆಗಳನ್ನು ಅಳಿಸಿದಳು. ಹೊಗೆ, ಮಸಿ, ಕೆಮ್ಮು ಇವುಗಳಲ್ಲಿ ಯಾವುದಾದರೊಂದು ಪದ ಸಾಕು, ಆದರೆ ಕಾರ್ಖಾನೆ ಎಂಬ ಪದ ಮಾತ್ರ ಇರಲೇಬೇಕು ಎಂದು ಹುಡುಕಾಟವನ್ನು ಕಟ್ಟಿದಳು. ಇನ್ನೂರ ಹದಿನಾಲ್ಕು ದೂರುಗಳು ಎದ್ದು ಬಂದವು.

"ಹೀಗೆ ಹುಡುಕು ಅಂತ ನಿಂಗ್ಯಾರು ಹೇಳಿದ್ದು? ನಿನ್ನ ಕೆಲಸ ನೀನು ನೋಡ್ಕೋ!"

"ಅದನ್ನೇ ನೋಡ್ಕೋತಾ ಇದೀನಿ ಸಾರ್. ತಾಳಿ, ಇನ್ನೊಂದು ಷರತ್ತು ಹಾಕ್ತೀನಿ."

‘ಓದಿ ಸಹಿ ಮಾಡಿದವರು’ ಎಂಬ ಕಡೆ ಅವಳು ಸಾಹೇಬರ ಹೆಸರು ತುಂಬಿ ಮತ್ತೆ ಹುಡುಕಾಟದ ಗುಂಡಿ ಒತ್ತಿದಳು.

ಇನ್ನೂರ ಹದಿನಾಲ್ಕರಲ್ಲಿ ಒಂದೂ ಕಡಿಮೆಯಾಗಲಿಲ್ಲ.