ಗಾಳಿ ಹಾಯದ ನೇಯ್ಗೆ

ಹೊಗೆ ತಪಾಸಣೆಯಲ್ಲಿ ನನ್ನ ವ್ಯಾನು ಫೇಲಾಯಿತು. ಅದೂ ಬಾಗಲಕೋಟೆ ಆರ್‌ಟಿಒ ಕಚೇರಿಯ ಎದುರಿಗೇ. ನನಗೆ ಮೈಯೆಲ್ಲ ಉರಿದುಹೋಯಿತು.

ಸೊಲ್ಲಾಪುರ ಬಿಟ್ಟು ಗಂಡನ ಊರು ಇಳಕಲ್ಲಿಗೆ ಬರುವಾಗ ತವರಿನಿಂದ ನಾನು ತಂದದ್ದು ಇದೊಂದೇ, ಅಪ್ಪ ಕೊಟ್ಟ ಹಳೇ ಡೀಸೆಲ್ ವ್ಯಾನು. ಅದರಲ್ಲಿ ಸೀರೆ ತುಂಬಿಕೊಂಡು ಬಾದಾಮಿ, ಹುನಗುಂದ ಸುತ್ತಿ ಮಾರುತ್ತೇನೆ. ಈಗ ಅದಕ್ಕೆ ಕರ್ನಾಟಕದ ನಂಬರ್ ಆಗಬೇಕು. ಹೊಗೆ ತಪಾಸಣೆಯ ಚೀಟಿ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಮಹಾರಾಷ್ಟ್ರದವರು ಕೊಟ್ಟ ಎನ್‌ಒಸಿಯ ಅವಧಿ ಇವತ್ತಿಗೆ ಮುಗಿಯುತ್ತದೆ. ತಪ್ಪಿದರೆ ಹೊಸದಕ್ಕಾಗಿ ಮತ್ತೆ ಸೊಲ್ಲಾಪುರಕ್ಕೆ ಓಡಬೇಕು, ಅಣ್ಣ ನಿಂಗಣ್ಣನ ಮನೆಯಲ್ಲೇ ಇಳಿಯಬೇಕು. “ಆ ಊರಾಗ ನೀ ಬಾಳಂಗಿಲ್ಲ, ಹೊಳ್ಳಿ ಬರ್ತಿ ನೋಡು” ಎಂದು ನಕ್ಕವನು ಅವನು. ಅವನ ಮುಂದೆ ತಲೆ ತಗ್ಗಿಸುವುದು ಸತ್ತರೂ ಆಗದ ಮಾತು.

ತಪಾಸಣೆ ಮಾಡುವ ಮೀರಾಸಾಬ ಸೀಟು ಎತ್ತಿ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ. ಫಿಲ್ಟರಿಗೆ ಕೆಂಪು ದಡಿಯ ಬಟ್ಟೆ ಎರಡು ಸುತ್ತು ಸುತ್ತಿ, ಮೇಲೆ ಹೊಲಿಗೆ ಹಾಕಿತ್ತು.

“ಇದನ್ನ ಯಾರ್ ಸುತ್ತ್ಯಾರ್ರಿ?”

ಜೊತೆಗೆ ಬಂದಿದ್ದ ನನ್ನ ಅತ್ತೆ ಲಕ್ಕವ್ವ ಎದೆ ಸೆಟೆಸಿ ಮುಂದೆ ಬಂದಳು. “ನಾನ. ಗಾಡಿ ಮಗ್ಗದ ಬಾಜೂಕ ನಿಂದರತೈತಿ. ನೂಲಿನ ದೂಳ ಒಳಗ ಹೋಗಬಾರದಂತ ಹೊಲಿದೇನಿ. ನಾನ ನೇದ ಬಟ್ಟಿ ಅದು, ಗಾಳಿ ಸೈತ ಹಾಯಂಗಿಲ್ಲ.”

“ಅದಕ್ಕ ಅವ್ವಾ, ಗಾಡಿಗಿ ಉಸರ ಇಲ್ಲ. ಕರೀ ಹೊಗಿ ಉಗಳಾಕ್ಹತ್ತೇತಿ.”

ಬೈಯಲು ಬಾಯಿ ತೆರೆದೆ, ನಗು ಬಂತು. ಅತ್ತೆಯ ಮುಖ ಮಾತ್ರ ಸಣ್ಣಗಾಗಿತ್ತು.

“ಪ್ರೀತಿ, ನಿನ್ನ ಗಾಡಿ ಅಂತ ಜ್ವಾಕಿ ಮಾಡಿದ್ನೆವ್ವಾ,” ಎಂದಳು.

ಮೀರಾಸಾಬ ಬಟ್ಟೆ ಕಿತ್ತು, ಫಿಲ್ಟರ್ ಝಾಡಿಸಿ, ಹೊಗೆ ಕೊಳವೆಗೆ ಮತ್ತೆ ನಳಿಗೆ ತೂರಿಸಿದ. ನಾನು ಆಕ್ಸಿಲರೇಟರ್ ಒತ್ತಿದೆ. ಪಾಸಾಯಿತು. ಚೀಟಿ ಕಸಿದುಕೊಂಡು ಕಚೇರಿಗೆ ಓಡಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಗಿಸಿ ನನಗಿಂತ ಮುಂದೆ ಓಡಿ, ಊಟಕ್ಕೆ ಏಳುತ್ತಿದ್ದ ಗುಮಾಸ್ತನ ಕಿಟಕಿಗೆ ಕೈ ಅಡ್ಡ ಹಿಡಿದಳು.

“ಕುಂದರ್ರಿ ಸಾಹೇಬ್ರ, ನಮ್ಮ ಸೊಸೀದು ಒಂದ ಐತಿ.”

ಅವನು ಗೊಣಗುತ್ತ ಕೂತ. ಕಾಗದ ಒಳಗೆ ಹೋಯಿತು, ಠಸ್ಸೆ ಬಿತ್ತು.

ಹೊರಗೆ ಬಂದು ಅಣ್ಣನಿಗೆ ಫೋನ್ ಹಚ್ಚಿ ಸುದ್ದಿ ಹೇಳಿದೆ. ಅವನು ಈ ಸಲ ನಗಲಿಲ್ಲ.

“ಹಂಗಾರ ನೀ ಇನ್ನ ಬರಂಗಿಲ್ಲಾ?” ಎಂದ.

“ಬರ್ತೇನಣ್ಣಾ. ನಿಮ್ಮನ್ನೆಲ್ಲ ನೋಡಾಕ. ಉಳ್ಯಾಕಲ್ಲ.”