ಕಿವಿ ಮುಕ್ಕಾದ ಕುದುರೆ

"ಅತ್ತಿ, ಹೈದರಾಬಾದಿಗೆ ಹೋಗೂ ಗಾಡಿಯಾಗ ಒಂದು ಸೀಟು ಉಳದೈತಿ. ನೀವೂ ಬರ್ರಿ" ಎಂದು ಮಾಲಾ ಫೋನು ಮಾಡಿದಾಗ, ಹೂಂ ಅನ್ನಲು ಶಂಕ್ರೆವ್ವನಿಗೆ ಎರಡು ದಿನ ಹಿಡಿಯಿತು. ಮಾಲಾ ಅವಳ ಚಿಕ್ಕಪ್ಪನ ಮಗ ಮಾಳಿಂಗರಾಯನ ಸೊಸೆ. ತವರಿನ ಆ ಮನೆಯವರು ಮದುವೆಗೋ ತೊಟ್ಟಿಲಿಗೋ ಕರೆಯುತ್ತಿದ್ದರು. ಇವಳೂ ಹೋಗಿ ಅಕ್ಕಿಕಾಳು ಹಾಕಿ ಸಂಜೆ ಬಸ್ಸಿಗೆ ಆಲಮೇಲಕ್ಕೆ ಮರಳುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಹೋಗಿಬರುವಿಕೆ ಇರಲಿಲ್ಲ. ಈಗ ಒಮ್ಮೆಲೇ ಪ್ರವಾಸಕ್ಕೆ ಕರೆಯುತ್ತಾರೆಂದರೆ ಏನರ್ಥ? ಹೊಲದ ಕಾಗದಕ್ಕೆ ಹೆಬ್ಬೆಟ್ಟು ಬೇಕಾಗಿದೆಯೋ, ಯಾರದೋ ಮನೆಯ ಹೆಣ್ಣು ಕೇಳುವುದಿದೆಯೋ ಎಂದು ನಾನಾ ಬಗೆಯಲ್ಲಿ ಯೋಚಿಸಿದಳು. ಏನೂ ಹೊಳೆಯಲಿಲ್ಲ. ತಿಳಿದುಕೊಳ್ಳುವುದಕ್ಕಾದರೂ ಹೋಗಬೇಕೆಂದು ಚೀಲಕ್ಕೆ ಎರಡು ಸೀರೆ ತುರುಕಿದಳು.

ಐವತ್ತೇಳು ವರ್ಷದ ಶಂಕ್ರೆವ್ವನಿಗೆ ಈ ಅನುಮಾನದ ಸ್ವಭಾವ ಅಂಟಿದ್ದು ಎಲ್ಲಿಂದ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಳ ತವರು ಸಾಲೋಟಗಿಯಿಂದ ಒಂದು ಹರದಾರಿ ದೂರದ ಸಣ್ಣ ಊರು. ಅಲ್ಲಿಯ ಕುರುಬರ ಗುಡಿಗೆ ಅವಳ ತಂದೆ ಅಮೋಘಸಿದ್ಧ ಪೂಜಾರಿ. ಗದ್ದುಗೆಯ ಪಕ್ಕದಲ್ಲಿ ಮೊಳದುದ್ದದ ಹಿತ್ತಾಳೆಯ ಕುದುರೆ ಇತ್ತು, ಅದರ ಮೇಲೆ ಕತ್ತಿ ಹಿಡಿದ ಸವಾರ. ಪ್ರತಿ ಸೋಮವಾರ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಶಂಕ್ರೆವ್ವನ ಕೆಲಸ. ಏಳೆಂಟು ವರ್ಷದವಳಿದ್ದಾಗ ಒಮ್ಮೆ ಕೈಜಾರಿ ಕಲ್ಲಿನ ಮೇಲೆ ಬಿದ್ದು, ಕುದುರೆಯ ಎಡಗಿವಿ ಮುಕ್ಕಾಯಿತು. ಅಪ್ಪ ಬೈಯಲಿಲ್ಲ. ದೇವರ ಕುದುರೆಗೆ ಒಂದು ಕಿವಿ ಸಾಕು ಎಂದು ನಕ್ಕಿದ್ದ.

ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ, ಮದುವೆಯಾಗಿ ಆಲಮೇಲಕ್ಕೆ ಹೋದ ಹೊಸತರಲ್ಲಿ, ಒಂದು ಬೆಳಿಗ್ಗೆ ನೋಡಿದರೆ ಗುಡಿಯಲ್ಲಿ ಕುದುರೆ ಇರಲಿಲ್ಲ. ಬಾಗಿಲು ಮುರಿದಿರಲಿಲ್ಲ, ಕೀಲಿ ಒಡೆದಿರಲಿಲ್ಲ. ಕೀಲಿಕೈ ಅಮೋಘಸಿದ್ಧನ ಉಡದಾರದಲ್ಲೇ ಇತ್ತು. ದೇವರ ಮಾತು ಠಾಣೆಗೆ ಹೋಗಬಾರದು ಎಂದು ಹಿರಿಯರು ಪೊಲೀಸರಿಗೆ ಹೇಳಲಿಲ್ಲ. "ನೀನೇ ಕದ್ದಿ" ಎಂದು ಎದುರಿಗೆ ಯಾರೂ ಅನ್ನಲೂ ಇಲ್ಲ. ಅಂದಿದ್ದರೆ ಅವನು ಇಲ್ಲ ಎಂದಾದರೂ ಹೇಳುತ್ತಿದ್ದ. ಪೂಜೆಯನ್ನು ಮಾತ್ರ ಅವನ ತಮ್ಮನಿಗೆ ವಹಿಸಿದರು. ತಮ್ಮ ತೀರಿಕೊಂಡ ಮೇಲೆ ಅದು ಮಾಳಿಂಗರಾಯನಿಗೆ ಬಂತು. ಅಮೋಘಸಿದ್ಧ ಮತ್ತೆ ಹನ್ನೊಂದು ವರ್ಷ ಬದುಕಿದ. ಅವನು ಯಾರ ಕಟ್ಟೆಯ ಮೇಲೆ ಕೂತರೂ ಆ ಮನೆಯವರು ಹೊರಗಿದ್ದ ತಂಬಿಗೆಯನ್ನು ಮೆಲ್ಲಗೆ ಒಳಗೊಯ್ಯುತ್ತಿದ್ದರು. ಅದನ್ನು ಕಣ್ಣಾರೆ ಕಂಡ ಮೇಲೆ ಶಂಕ್ರೆವ್ವ, ಜನ ಮಾತಾಡುವಾಗ ಅವರ ಕೈ ಏನು ಮಾಡುತ್ತಿದೆ ಎಂದು ನೋಡುವುದನ್ನು ಕಲಿತಳು.

ಹೈದರಾಬಾದಿನ ಆ ದೊಡ್ಡ ಮ್ಯೂಸಿಯಂಗೆ ಅವರು ಮುಟ್ಟಿದ್ದು ಭಾನುವಾರ. ಬಾಗಿಲಲ್ಲೇ ಜನ ಇರುವೆಯ ಹಾಗೆ ಮುತ್ತಿದ್ದರು. ಚೀಲವನ್ನು ಹೊರಗಿನ ಕೋಣೆಯಲ್ಲಿ ಇಟ್ಟು ಬಿಲ್ಲೆ ತೆಗೆದುಕೊಳ್ಳಿ ಎಂದಾಗ ಶಂಕ್ರೆವ್ವ ಎಲೆ ಅಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಚೀಲ ಕೊಟ್ಟಳು. ಒಳಗೆ ಅವರ ಹನ್ನೊಂದು ಮಂದಿಗೆ ಕಾದಿದ್ದವಳು ಯಾಸ್ಮಿನ ಎಂಬ ಗೈಡು. ಮೂವತ್ತರೊಳಗಿನ ಹುಡುಗಿ, ಕೊರಳಲ್ಲಿ ಗುರುತಿನ ಕಾರ್ಡು, ಕೈಯಲ್ಲಿ ಹಳದಿ ಕರವಸ್ತ್ರ ಕಟ್ಟಿದ ಕೋಲು.

"ನಮ್ಮ ಅಮ್ಮೀ ಸಿಂದಗಿಯವರ್ರಿ. ಅದಕ್ಕ ಕನ್ನಡ ಮಂದಿ ಬಂದ್ರ ನನ್ನನ್ನೇ ಕಳಸ್ತಾರ" ಎಂದಳು. "ಇದನ್ನ ಪೂರ್ತಿ ನೋಡಾಕ ಮೂರು ದಿನ ಬೇಕ್ರಿ. ನಾ ನಿಮಗ ಮುಖ್ಯ ಮುಖ್ಯ ಹನ್ನೆರಡು ತೋರಸ್ತೇನಿ. ಸವಾ ತಾಸಿನಾಗ ಮುಗೀತೈತಿ. ಇದಕ್ಕ ಹೈಲೈಟ್ಸ್ ಟೂರ್ ಅಂತಾರ."

"ಉಳಿದದ್ದು ಯಾಕ ತೋರಸೂದಿಲ್ಲ?" ಎಂದಳು ಶಂಕ್ರೆವ್ವ.

"ಹೊತ್ತು ಸಾಲೂದಿಲ್ರಿ ಅವ್ವಾರ."

ಸಂತೆಯಲ್ಲಿ ಬದನೆಕಾಯಿ ಮಾರುವವನೂ ಮೇಲಿನ ನಾಲ್ಕನ್ನು ತಾನೇ ಎತ್ತಿ ತೋರಿಸುತ್ತಾನೆ, ಬುಟ್ಟಿಯ ತಳಕ್ಕೆ ಕೈಹಾಕಗೊಡುವುದಿಲ್ಲ. ಶಂಕ್ರೆವ್ವ ಹಿಂದೆ ನಡೆದಳು.

ಮೊದಲನೆಯದು ಅಮೃತಶಿಲೆಯ ಮಲಗಿದ ಮಗು. ಅದರ ಸುತ್ತ ನಾಲ್ಕು ಸಾಲು ಜನ, ಎಲ್ಲರ ಕೈಯಲ್ಲೂ ಎತ್ತಿ ಹಿಡಿದ ಮೊಬೈಲು. ಮಗುವಿನ ಮುಖವನ್ನು ಅವಳು ಮುಂದಿನವನ ಮೊಬೈಲಿನಲ್ಲಿಯೇ ಕಂಡಳು. ಆಮೇಲೆ ಗೋಡೆ ತುಂಬ ಹಬ್ಬಿದ್ದ ಒಬ್ಬ ನವಾಬನ ಚಿತ್ರ. ಯಾವ ಮೂಲೆಗೆ ನಿಂತರೂ ಆತ ನಿಮ್ಮನ್ನೇ ನೋಡುತ್ತಾನೆ ಎಂದು ಯಾಸ್ಮಿನ ಹೇಳಿದಳು. ಶಂಕ್ರೆವ್ವ ಎಡಕ್ಕೆ ಹೋಗಿ ನೋಡಿದಳು, ಬಲಕ್ಕೆ ಬಂದು ನೋಡಿದಳು. ಆತ ನಿಜಕ್ಕೂ ನೋಡುತ್ತಿದ್ದ. ಅದು ಅವಳಿಗೆ ಸರಿಬರಲಿಲ್ಲ. ಮಾಳಿಂಗರಾಯನಿಗೆ ಮಾತ್ರ ಎಲ್ಲವೂ ಸೊಗಸು. ಅರವತ್ತೆರಡರ ಮನುಷ್ಯ, ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ, ಪ್ರತಿಯೊಂದರ ಮುಂದೆಯೂ ಮಾಲಾಳ ಕೈಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಅವನು ಇಷ್ಟು ಖುಷಿಯಾಗಿರುವುದನ್ನೂ ಶಂಕ್ರೆವ್ವ ಮನಸ್ಸಿನಲ್ಲಿ ಇಟ್ಟುಕೊಂಡಳು.

ಐದನೆಯದು ಮುಗಿಸಿ ಆರನೆಯದಕ್ಕೆ ಹೋಗುವಾಗ ಒಂದು ಉದ್ದನೆಯ ಪಡಸಾಲೆ ದಾಟಬೇಕಿತ್ತು. ಎರಡೂ ಬದಿಗೆ ಗಾಜಿನ ಪೆಟ್ಟಿಗೆಗಳಿದ್ದವು. ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಎಲ್ಲ ಗುಂಪುಗಳೂ ಅದನ್ನು ಓಣಿಯಂತೆ ಹಾಯ್ದು ಹೋಗುತ್ತಿದ್ದವು. ಯಾಸ್ಮಿನ ಕೋಲು ಎತ್ತಿ "ಲಗೂ ಬರ್ರಿ, ಇಲ್ಲಿ ನಿಲ್ಲಬ್ಯಾಡ್ರಿ" ಎನ್ನುತ್ತ ಮುಂದೆ ಮುಂದೆ ಹೋದಳು.

ನಿಲ್ಲಬೇಡ ಎಂದದ್ದಕ್ಕೇ ಶಂಕ್ರೆವ್ವ ಪಕ್ಕಕ್ಕೆ ತಿರುಗಿದ್ದು. ಮೂರನೆಯ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಕುದುರೆ ನಿಂತಿತ್ತು. ಮೊಳದುದ್ದ. ಮೇಲೆ ಸವಾರ, ಕೈಯಲ್ಲಿ ಕತ್ತಿ. ಎಡಗಿವಿ ಮುಕ್ಕಾಗಿತ್ತು.

ಶಂಕ್ರೆವ್ವ ಗಾಜಿಗೆ ಕೈ ಊರಿ, ಹಾಗೇ ಜಾರಿ ನೆಲಕ್ಕೆ ಕೂತಳು. ಹಿಂದಿನಿಂದ ಬರುತ್ತಿದ್ದವರು ಅವಳನ್ನು ಬಳಸಿಕೊಂಡು, ಕೆಲವರು ಎಡವಿಕೊಂಡು ಹೋದರು. ಅವಳು ಕುದುರೆಯ ಹೊಟ್ಟೆಯನ್ನು ಕೆಳಗಿನಿಂದ ನೋಡಲು ತಲೆ ಬಗ್ಗಿಸಿದಳು. ಖಾಕಿ ಬಟ್ಟೆಯ ಕಾವಲುಗಾರ ಬಂದು ಹಿಂದಿಯಲ್ಲಿ ಏನೋ ಗದರಿಸಿದ. ಅವನ ಸದ್ದಿಗೆ ಯಾಸ್ಮಿನ ಹಿಂದಿರುಗಿ ಬಂದಳು. ಅವಳ ಬೆನ್ನಿಗೆ ಮಾಲಾ, ಮಾಳಿಂಗರಾಯ.

"ತ್ರಾಸ ಆಗಾಕತ್ತೈತೇನ್ರಿ ಅವ್ವಾರ? ನೀರು ತರಲೇನು?"

"ಈ ಕುದರಿ ನಿಮಗ ಎಲ್ಲಿಂದ ಬಂತು?" ಎಂದಳು ಶಂಕ್ರೆವ್ವ, ಕೂತಲ್ಲಿಂದಲೇ.

ಯಾಸ್ಮಿನ ಗಾಜಿನೊಳಗಿನ ಚೀಟಿಗೆ ಬಗ್ಗಿದಳು. "ದಖ್ಖನದ್ದು ಅಂತ ಬರದಾರ್ರಿ. ಹದಿನೆಂಟನೇ ಶತಮಾನ. ಸಾವಿರದ ಒಂಬೈನೂರ ಐವತ್ತೊಂದರಾಗ ಯಾರೋ ದಾನ ಕೊಟ್ಟಾರ."

"ಚೀಟಿ ಬರಿಯೂದು ನಿಮ್ಮ ಕೈಯಾಗ ಐತಿ. ಏನ ಬೇಕಾದ್ರೂ ಬರೀತೀರಿ. ಇದು ನಮ್ಮ ಗುಡಿದು. ಆ ಕಿವಿ ಮುಕ್ಕ ಮಾಡಿದಾಕಿ ನಾನ. ನೀ ಇದನ್ನ ಬಿಟ್ಟು ಮುಂದ ಓಡಿಸಿದಿ. ಯಾಕ ಓಡಿಸಿದಿ?"

ಹುಡುಗಿಯ ಮುಖ ಸಣ್ಣದಾಯಿತು. ಜನ ನಿಲ್ಲತೊಡಗಿದರು. ಮಲಗಿದ ಮಗುವನ್ನು ಹಿಡಿದಂತೆಯೇ ಇವಳನ್ನೂ ಮೊಬೈಲಿನಲ್ಲಿ ಹಿಡಿಯಲು ಇಬ್ಬರು ಕೈಯೆತ್ತಿದರು. ಮಾಳಿಂಗರಾಯ ಅವಳ ರಟ್ಟೆ ಹಿಡಿದು ಎಬ್ಬಿಸಲು ನೋಡಿದ.

"ಏಳು ಶಂಕ್ರಿ. ಮಂದಿ ನಗಾಕತ್ತಾರ. ಇದು ನಮ್ಮದಲ್ಲ."

"ನೋಡಿಯೇನು ನೀ? ಬಂದಾಗಿಂದ ಅದರ ಕಡೆ ಕಣ್ಣೂ ಹಾಕಿಲ್ಲ."

ಯಾಸ್ಮಿನ ಸಿಟ್ಟಾಗಲಿಲ್ಲ. ಅವಳ ಎದುರಿಗೆ ತಾನೂ ಕುಕ್ಕರುಗಾಲಿನಲ್ಲಿ ಕೂತಳು. "ಅವ್ವಾರ, ಇಂಥ ಕುದರಿ ನಮ್ಮಲ್ಲೇ ಎಂಟು ಹತ್ತು ಅದಾವ. ಕಿವಿ, ಬಾಲ ಎಲ್ಲಾವೂ ಮುಕ್ಕಾಗಿರ್ತಾವ್ರಿ, ತಿಕ್ಕಿ ತಿಕ್ಕಿ. ಹೋದ ವರ್ಷ ಈ ಪೆಟ್ಟಿಗಿ ಬದಲಿ ಮಾಡುವಾಗ ನಾ ಇಲ್ಲೇ ಇದ್ದೆ. ಇದು ಗಟ್ಟಿ ಎರಕದ್ದು. ಇಬ್ಬರು ಗಂಡಸರು ಹಿಡದು ಎತ್ತಿದ್ರು."

"ಹಾಂ, ಕೇಳಿದಿ?" ಎಂದ ಮಾಳಿಂಗರಾಯ. ಅವನ ದನಿಯಲ್ಲಿ ದೊಡ್ಡ ಭಾರ ಇಳಿದ ನಿರಾಳ ಇತ್ತು. "ಇದು ಗಟ್ಟಿ. ನಮ್ಮದು ಪೊಳ್ಳು. ಹೊಟ್ಟಿಯೊಳಗ ಕರಿ ಮಣ್ಣು ತುಂಬಿದ್ದು. ನಾ ಹೇಳಲಿಲ್ಲಾ, ಇದು ಅಲ್ಲ."

ಶಂಕ್ರೆವ್ವ ಕುದುರೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಹನ್ನೆರಡು ವರ್ಷ ವಾರಕ್ಕೊಮ್ಮೆ ಅದನ್ನು ತೊಡೆಯ ಮೇಲೆ ಮಲಗಿಸಿ ತಿಕ್ಕಿದವಳು ಅವಳು. ಕಾಲು, ಹೊಟ್ಟೆ, ಬಾಲದ ಬುಡ, ಎಲ್ಲಿಯೂ ಒಂದು ಸೂಜಿಯ ತೂತು ಇರಲಿಲ್ಲ. ಅದು ಪೊಳ್ಳೋ ಗಟ್ಟಿಯೋ ಅವಳಿಗೇ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

"ಒಳಗ ಮಣ್ಣಿತ್ತು ಅಂತ ನಿನಗ ಹ್ಯಾಂಗ ಗೊತ್ತು, ಯಣ್ಣಾ?"

ಅವನ ಕೈ ಅವಳ ರಟ್ಟೆಯನ್ನು ಬಿಟ್ಟಿತು. ಟೋಪಿಗೆ ಹೋಯಿತು, ಅಲ್ಲಿಂದ ಅಂಗಿಯ ಗುಂಡಿಗೆ. "ಯಾರೋ ಅಂತಿದ್ರು" ಎಂದ.

"ಯಾರು?"

"ಹಿರ್ಯಾರು. ಈಗ ಯಾರಿಗೆ ನೆನಪೈತಿ."

"ಕರಿ ಮಣ್ಣು ಅಂದಿ. ಬಣ್ಣಾನೂ ಹೇಳಿದ್ರೇನು ಹಿರ್ಯಾರು?"

ಯಾಸ್ಮಿನಳಿಗೆ ಏನೂ ತಿಳಿಯಲಿಲ್ಲ, ಆದರೆ ಇದು ತಾನು ನಿಲ್ಲುವ ಜಾಗವಲ್ಲ ಎಂಬಷ್ಟು ತಿಳಿಯಿತು. ಕಾವಲುಗಾರನಿಗೆ ಕೈಸನ್ನೆ ಮಾಡಿ, ಜನರನ್ನು ಚದುರಿಸಿ, ಇವರನ್ನು ಮೆಟ್ಟಿಲ ಬಳಿಯ ಬೆಂಚಿಗೆ ಕರೆದೊಯ್ದಳು. "ಉಳಿದವರನ್ನ ನಾ ಕರಕೊಂಡು ಹೋಗ್ತೇನ್ರಿ. ನೀವು ಆರಾಮ ಕೂಡ್ರಿ" ಎಂದು ಕೋಲು ಎತ್ತಿಕೊಂಡು ಹೋದಳು. ಮಾಲಾ ನೀರು ತರಲು ಹೋದಳು.

ಬೆಂಚಿನ ಮುಂದೆ ಸಾವಿರ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಶಂಕ್ರೆವ್ವ ಮಾಳಿಂಗರಾಯನ ಕೈಯನ್ನೇ ನೋಡುತ್ತ ಕಾದಳು. ಕಾಯುವುದು ಅವಳಿಗೆ ಹೊಸದಲ್ಲ.

"ಸೋಲಾಪುರದಾಂವ ಒಬ್ಬ ಬರ್ತಿದ್ದ" ಎಂದ ಮಾಳಿಂಗರಾಯ ಕೊನೆಗೆ, ನೆಲ ನೋಡುತ್ತ. "ಹಳೇ ಪಾತ್ರಿ ತಗೊಳ್ಳಾಂವ. ಅದರ ಹೊಟ್ಟಿಯಾಗ ಬಂಗಾರ ತುಂಬ್ಯಾರ ಅಂತ ನನ್ನ ತಲಿ ಕೆಡಿಸಿದ. ಆಗ ದೊಡ್ಡಪ್ಪಗ ಜ್ವರ ಬಂದು ಮೈಮ್ಯಾಲ ಖಬರ ಇರಲಿಲ್ಲ. ಉಡದಾರದಿಂದ ಕೀಲಿಕೈ ಬಿಚ್ಚಿಕೊಂಡೆ. ಬೆಳಗಾಗೂದ್ರಾಗ ಹೊಳ್ಳಿ ಕಟ್ಟಿದೆ. ಹಳ್ಳದ ದಂಡಿಗೆ ಗರಗಸ ಹಚ್ಚಿ ಕೊಯ್ದಿವಿ. ಒಳಗ ಬರೇ ಮಣ್ಣು, ಶಂಕ್ರಿ. ಕರೀ ಮಣ್ಣು."

"ಆಮ್ಯಾಲ?"

"ತುಂಡು ಅಂವ ಒಯ್ದ. ಕರಗಿಸಿರಬೇಕು. ನನಗ ಏನೂ ಸಿಗಲಿಲ್ಲ."

"ಪೂಜಿ ಸಿಕ್ತಲ್ಲ."

ಅವನು ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ಹೆಗಲು ಅಲುಗಿದವು. ಶಂಕ್ರೆವ್ವ ಆ ಅಳುವನ್ನು ಬಹಳ ಹೊತ್ತು ನೋಡಿದಳು. ಟೋಪಿ ತೆಗೆದಾಗ ಒದ್ದೆಯಾಗಿದೆಯೇ ಎಂದು ನೋಡಿದಳು. ಒದ್ದೆಯಾಗಿತ್ತು. ಆದರೂ ಅವಳಿಗೆ ನಂಬಿಕೆ ಬರಲಿಲ್ಲ.

"ಕಾಕಾಗ ಗೊತ್ತಿತ್ತೇನು?"

"ಇಲ್ಲ" ಎಂದ ಮಾಳಿಂಗರಾಯ. ಆದರೆ ತಕ್ಷಣ ಹೇಳಲಿಲ್ಲ. ಒಂದು ಗುಂಪು ಪೂರ್ತಿ ಮೆಟ್ಟಿಲು ಇಳಿದು ಹೋಗುವಷ್ಟು ಹೊತ್ತು ಬಿಟ್ಟು ಹೇಳಿದ.

ಆಗ ಶಂಕ್ರೆವ್ವನ ಕಣ್ಣಿಗೆ ಎರಡು ಮೆಟ್ಟಿಲು ಮೇಲೆ ನಿಂತಿದ್ದ ಮಾಲಾ ಬಿದ್ದಳು. ನೀರಿನ ಬಾಟಲಿ ಅವಳ ಕೈಯಲ್ಲಿ ಹಾಗೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೇಳಬೇಕಾದಷ್ಟನ್ನು ಕೇಳಿದ್ದಳು. ಮಾವನ ಮುಖವನ್ನು ನೋಡದೆ ಬಾಟಲಿಯನ್ನು ಶಂಕ್ರೆವ್ವನ ಕೈಗಿಟ್ಟು, "ಕುಡೀರಿ ಅತ್ತಿ" ಎಂದಳು.

ಹೊರಡುವಾಗ ಶಂಕ್ರೆವ್ವ ಯಾಸ್ಮಿನಳನ್ನು ಹುಡುಕಿಕೊಂಡು ಹೋಗಿ, "ನಿನಗ ಸುಮ್ಮಸುಮ್ಮನ ಅಂದೆ ಯವ್ವಾ" ಎಂದಳು. ಹುಡುಗಿ ನಕ್ಕು, ಸಿಂದಗಿಯ ಕಡೆಯವರು ಹೀಗೆಯೇ ಮಾತಾಡುವುದು, ತನಗೆ ರೂಢಿಯಿದೆ ಎಂದಳು.

ತನ್ನನ್ನು ಕರೆದದ್ದು ನಿಜಕ್ಕೂ ಉಳಿದ ಒಂದು ಸೀಟಿಗಷ್ಟೇ ಎಂದು ಗಾಡಿ ಹತ್ತುವಾಗ ಶಂಕ್ರೆವ್ವನಿಗೆ ಅನ್ನಿಸಿತು. ಮಾಳಿಂಗರಾಯ ಮುಂದಿನ ಸೀಟು ಹಿಡಿದು ಕೂತವನು ಊರು ಮುಟ್ಟುವವರೆಗೆ ಹಿಂದೆ ತಿರುಗಲಿಲ್ಲ. ಬರುವ ಸೋಮವಾರ ಗುಡಿಯ ಮುಂದೆ ಹಿರಿಯರಿಗೆ ಹೇಳುತ್ತೇನೆ ಎಂದು ಇಳಿಯುವಾಗ ಮಾತು ಕೊಟ್ಟ. ಆ ಸೋಮವಾರ ಅವನಿಗೆ ಸೊಂಟನೋವು. ಮುಂದಿನ ಸೋಮವಾರ ಕಬ್ಬಿನ ಗಾಡಿ ಬಂದಿತ್ತು. ಮೂರನೆಯ ಸೋಮವಾರ ಶಂಕ್ರೆವ್ವ ಫೋನು ಮಾಡಲಿಲ್ಲ, ಬೆಳಗಿನ ಬಸ್ಸಿಗೆ ಹೋಗಿ ಗುಡಿಯ ಕಟ್ಟೆಯ ಮೇಲೆ ಕೂತಳು. ಮಾಲಾ ಮನೆಯಿಂದ ಬಂದು ಅವಳ ಪಕ್ಕದಲ್ಲಿ ಕೂತಳು. ಮಾಳಿಂಗರಾಯ ಪೂಜೆ ಮುಗಿಸಿ ಹೊರಬಂದಾಗ ಇಬ್ಬರನ್ನೂ ಕಂಡ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಹೇಳಿದ. ಆದರೆ ಹೇಳುತ್ತ ಹೇಳುತ್ತ ಮಾತನ್ನು ಸಣ್ಣದು ಮಾಡಿದ. ಹುಡುಗುಬುದ್ಧಿ ಎಂದ, ಸೋಲಾಪುರದವನು ಮೋಸ ಮಾಡಿದ ಎಂದ, ಬಾಗಿಲು ತೆರೆದೇ ಇತ್ತು ಎಂದ. ಅಲ್ಲಿ ಶಂಕ್ರೆವ್ವ ಎದ್ದು ನಿಂತಳು.

"ಬಾಗಲಾ ತೆರದಿರಲಿಲ್ಲ. ಜ್ವರದಾಗ ಮಲಗಿದ್ದ ನಮ್ಮಪ್ಪನ ಉಡದಾರದಿಂದ ಬಿಚ್ಚಿಕೊಂಡಿ. ಅದನ್ನ ಹೇಳು."

ಅದನ್ನೂ ಹೇಳಿದ. ಹತ್ತಿಪ್ಪತ್ತು ಮಂದಿ ಕೇಳಿದರು. ಯಾರೂ ಅವನನ್ನು ಬೈಯಲಿಲ್ಲ. ಒಬ್ಬಿಬ್ಬರು, ಇಷ್ಟು ವರ್ಷದ ಮಾತು ಈಗ ಯಾಕೆ ಕೆದಕಬೇಕಿತ್ತು ಎಂಬಂತೆ ಶಂಕ್ರೆವ್ವನ ಕಡೆಗೇ ನೋಡಿದರು. ಎಂಬತ್ತು ದಾಟಿದ ಒಬ್ಬ ಮುದುಕ ಮಾತ್ರ, "ಅಮೋಘಸಿದ್ಧಗ ನಾವು ಭಾಳ ಕೆಟ್ಟದು ಮಾಡಿದಿವಿ" ಎಂದು ಯಾರಿಗೆಂದಿಲ್ಲದೆ ಹೇಳಿ ಎದ್ದುಹೋದ. ಮುಂದಿನ ವರ್ಷದಿಂದ ಪೂಜೆ ಶಂಕ್ರೆವ್ವನ ತಮ್ಮ ಕಾಂತುಗೆ ಎಂದು ಮಾತಾಯಿತು. ಝಳಕಿಯಲ್ಲಿ ಟಯರಿನ ಅಂಗಡಿ ಇಟ್ಟುಕೊಂಡ ಕಾಂತು ಆಗಲಿ ಎಂದ. ಅವನು ಖುಷಿಯಿಂದ ಒಪ್ಪಿದನೋ ಅಕ್ಕನ ಅಂಜಿಕೆಗೋ, ಶಂಕ್ರೆವ್ವನಿಗೆ ಫೋನಿನಲ್ಲಿ ತಿಳಿಯಲಿಲ್ಲ.

ಸಂಜೆ ಆಲಮೇಲದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು, ಯಾವ ಊರು ಎಂದು ಕೇಳಿದಳು. ಇಷ್ಟು ವರ್ಷ ಶಂಕ್ರೆವ್ವ ಗಂಡನ ಊರಿನ ಹೆಸರು ಹೇಳಿ ಸುಮ್ಮನಾಗುತ್ತಿದ್ದಳು.

"ಸಾಲೋಟಗಿ ಕಡೆ ತವರುಮನಿ. ಪೂಜಾರಿ ಅಮೋಘಸಿದ್ಧನ ಮಗಳು ನಾ" ಎಂದಳು. ಹೇಳಿ, ಆ ಹೆಂಗಸಿನ ಮುಖವನ್ನೂ ಕೈಯನ್ನೂ ನೋಡಿದಳು.

"ಇಲ್ಲ ಬಿಡ್ರಿ, ನನಗ ಗುರುತಿಲ್ಲ" ಎಂದು ಆಕೆ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿ, ಗಾಳಿಗೆಂದು ಕಿಟಕಿಯ ಗಾಜು ಏರಿಸಿದಳು.